ದವನದ ಕುಲದ ಒಂದು ಗಿಡ

ಕೇಳುಗರೇ, ನಮಸ್ಕಾರ.

ಮಲ್ಲಿಗೆಯ ಜೊತೆ ದವನ ಸೇರಿಸಿ ಮಾಲೆ ಕಟ್ಟುತ್ತಾರೆ, ಅಲ್ವಾ? ಆ ದವನದ ಕುಲಕ್ಕೇ ಸೇರಿದ ಗಿಡವೊಂದು ಚೀನಾದಲ್ಲಿದೆ. ಚಿಂಗ್‌ಹಾವ್ ಅಂತ ಅದರ ಹೆಸರು. ಚೀನಾದ ಹಳೆಯ ವೈದ್ಯಪದ್ಧತಿಗೆ ಇವತ್ತಿನ ಆಸ್ಪತ್ರೆಯಲ್ಲಿ ಜಾಗ ಇದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಗಿಡ.

1967ನೇ ಇಸವಿ. ವಿಯೆಟ್ನಾಂನಲ್ಲಿ ಯುದ್ಧ. ಕಾಡಿನಲ್ಲಿದ್ದ ಸೈನಿಕರಿಗೆ ಮಲೇರಿಯಾದ ಕಾಟ. ಕ್ಲೋರೋಕ್ವಿನ್ ಮಾತ್ರೆಗೆ ರೋಗಾಣು ಜಗ್ಗುತ್ತಿರಲಿಲ್ಲ. ಹೊಸ ಔಷಧಿ ಹುಡುಕಲು ಚೀನಾ ಗುಟ್ಟಾಗಿ ಒಂದು ಯೋಜನೆ ಶುರುಮಾಡಿತು. ಎರಡು ವರ್ಷದ ನಂತರ ತೂ ಯೂಯೂ ಎಂಬ ವಿಜ್ಞಾನಿ ಆ ಕೆಲಸಕ್ಕೆ ಸೇರಿದರು. ಔಷಧಶಾಸ್ತ್ರ ಓದಿದ ಹೆಣ್ಣುಮಗಳು. ಆಮೇಲೆ ತಮ್ಮ ನಾಡಿನ ಹಳೆಯ ವೈದ್ಯವನ್ನೂ ಕಲಿತಿದ್ದರು. ಮನೆಯಲ್ಲಿ ಇಬ್ಬರು ಪುಟ್ಟ ಮಕ್ಕಳು.

ಅವರ ತಂಡ ಹಳೆಯ ಗ್ರಂಥಗಳಿಂದ, ವೈದ್ಯರ ಬಾಯಿಂದ ಸುಮಾರು 2,000 ಮದ್ದುಗಳನ್ನು ಕಲೆಹಾಕಿತು. ಚಿಂಗ್‌ಹಾವ್ ಇಲಿಗಳಲ್ಲಿ ಒಮ್ಮೆ ಫಲ ಕೊಟ್ಟಿತು, ಇನ್ನೊಮ್ಮೆ ಕೊಡಲಿಲ್ಲ. ತೂ ಅವರು ಮತ್ತೆ ಪುಸ್ತಕ ತೆರೆದರು. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬುವರು ಬರೆದಿದ್ದರು: ಒಂದು ಹಿಡಿ ಚಿಂಗ್‌ಹಾವನ್ನು ನೀರಿನಲ್ಲಿ ನೆನೆಸು, ಹಿಂಡು, ರಸ ಕುಡಿ. ಕುದಿಸು ಎಂಬ ಮಾತೇ ಇಲ್ಲ! ಸಾಮಾನ್ಯವಾಗಿ ಅಲ್ಲಿಯೂ ಮದ್ದು ಎಂದರೆ ಕುದಿಸಿದ ಕಷಾಯ. ಹಾಗಾದರೆ ಬಿಸಿಗೇ ಸತ್ವ ಹಾಳಾಗುತ್ತಿದೆಯಾ?

ಸತ್ವ ತೆಗೆಯಲು ನೀರು ಬಿಟ್ಟು ಈಥರ್ ಎಂಬ ದ್ರವ ಹಿಡಿದರು. ಅದು ಸುಮಾರು 35 ಡಿಗ್ರಿಗೇ ಕುದಿಯುತ್ತದೆ. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಕೊಟ್ಟ ಇಲಿಗಳಲ್ಲಿ ರೋಗಾಣು ಪೂರ್ತಿ ಮಾಯವಾಯಿತು. ಮರುವರ್ಷ ರೋಗಿಗಳಿಗೆ ಕೊಡುವ ಮೊದಲು ತೂ ಮತ್ತು ಜೊತೆಗಾರರು ತಾವೇ ಸೇವಿಸಿ ನೋಡಿದರು. ಈ ಮಾತು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಆ ಸತ್ವವೇ ಆರ್ಟಿಮಿಸಿನಿನ್. 2015ರಲ್ಲಿ ತೂ ಅವರಿಗೆ ನೊಬೆಲ್ ಬಂತು. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಫಾಲ್ಸಿಪಾರಂ ಎಂಬ ಜಾತಿಯ ರೋಗಾಣುವಿನಿಂದ ಬಂದದ್ದಾದರೆ ಇಂದು ನಮ್ಮಲ್ಲಿ ಕೊಡುವ ಮಾತ್ರೆಗಳಲ್ಲೂ ಇದರಿಂದ ಹುಟ್ಟಿದ ಔಷಧಿಯೇ ಇರುತ್ತದೆ. ಹಾಗಂತ ಗಿಡದ ಎಲೆ ಕುದಿಸಿ ಚಹಾದಂತೆ ಕುಡಿದರೆ ಸಾಲದು. ಔಷಧಿ ಎಷ್ಟು ಸಿಕ್ಕಿತು ಎಂಬ ಲೆಕ್ಕವೇ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಅನ್ನುತ್ತದೆ.

ಇನ್ನೊಂದು ಘಟನೆ ಹೇಳಲೇಬೇಕು. 1990ರ ದಶಕದ ಆರಂಭ, ಬೆಲ್ಜಿಯಂ. ತೂಕ ಇಳಿಸಲು ಚೀನಾದ ಮೂಲಿಕೆ ಸೇರಿದ ಮಾತ್ರೆ ತೆಗೆದುಕೊಂಡ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಕೆಟ್ಟಿತು. ಒಂದು ಗಿಡದ ಬದಲು ಹೆಸರು ಹೋಲುವ ಬೇರೆ ಗಿಡ ಸೇರಿಹೋಗಿತ್ತು. ಅದರಲ್ಲಿ ಅರಿಸ್ಟೊಲೊಕಿಕ್ ಆಮ್ಲ ಎಂಬ ವಿಷವಿತ್ತು. ಕೆಲವರಿಗೆ ಮುಂದೆ ಕ್ಯಾನ್ಸರ್ ಕೂಡ ಬಂತು. ಸೊಪ್ಪು, ಬೇರು ತಾನೇ, ಏನಾಗುತ್ತೆ ಅಂತ ಸುಮ್ನೆ ಇರುವ ಹಾಗಿಲ್ಲ. ಆಸ್ಪತ್ರೆಗೆ ಹೋದಾಗ, ಮನೆಯಲ್ಲಿ ಕುಡಿಯುತ್ತಿರುವ ಕಷಾಯದ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಆ ವಿಷದ ಗಿಡದ ಕುಲದವನೊಬ್ಬ ನಮ್ಮ ಬೇಲಿಯ ಮೇಲೂ ಹಬ್ಬುತ್ತಾನೆ. ಈಶ್ವರ ಬಳ್ಳಿ. ಹಾವು ಕಚ್ಚಿದರೆ ಅದರ ಬೇರು ಅರೆದು ಕುಡಿಸುವುದುಂಟು. ಅದರಲ್ಲೂ ಇದೇ ಆಮ್ಲವಿದೆ. ದಯವಿಟ್ಟು ಕುಡಿಸಬೇಡಿ. ಕಚ್ಚಿಸಿಕೊಂಡವರನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.