ಹೋಲಿವೆಲ್‌ನ ನೀರು

ನೀವೀಗ ನೋಡುತ್ತಿರುವುದು ಉತ್ತರ ವೇಲ್ಸ್‌ನ ಫ್ಲಿಂಟ್‌ಶೈರ್ ಸೀಮೆಯ ಹೋಲಿವೆಲ್ ಊರಿನಲ್ಲಿರುವ ಸಂತ ವಿನಿಫ್ರೆಡಳ ಬಾವಿ. ಬಾವಿಯೆಂದೊಡನೆ ನಮಗೆ ನೆನಪಾಗುವ ರಾಟೆ, ಹಗ್ಗ, ಕೊಡಗಳು ಇಲ್ಲಿಲ್ಲ. ನಕ್ಷತ್ರಾಕಾರದ ಕಲ್ಲುತೊಟ್ಟಿಯ ತಳದಿಂದ ಉಕ್ಕುವ ನೀರು ಮುಂದಿನ ಕೊಳಕ್ಕೆ ಹರಿಯುತ್ತದೆ. ವೆಲ್ಷ್ ಭಾಷೆಯಲ್ಲಿ ಊರಿನ ಹೆಸರೇ ಟ್ರೆಫನ್ನನ್, ಅಂದರೆ ಬುಗ್ಗೆಯ ಊರು.

ಏಳನೆಯ ಶತಮಾನದಲ್ಲಿ ಕರಾಡೊಗ್ ಎಂಬ ಅರಸುಮಗ ತನ್ನನ್ನು ಒಲ್ಲದ ವಿನಿಫ್ರೆಡಳ ತಲೆಯನ್ನು ಕಡಿದನೆಂದೂ, ತಲೆ ಬಿದ್ದಲ್ಲಿ ಬುಗ್ಗೆ ಚಿಮ್ಮಿತೆಂದೂ, ಅವಳ ಸೋದರಮಾವ ಸಂತ ಬೇನೊ ಪ್ರಾರ್ಥಿಸಿ ಅವಳನ್ನು ಬದುಕಿಸಿದನೆಂದೂ ಐತಿಹ್ಯವಿದೆ. ಕಡಿದ ತಲೆಯೇ ಮರಳಿ ಕೂಡಿದ ಈ ಕಥೆಯನ್ನು ನಂಬಿದವರಿಗೆ, ಇದೇ ನೀರು ತಮ್ಮ ಕಾಲನ್ನೂ ಕಣ್ಣನ್ನೂ ಸರಿಪಡಿಸೀತೆಂಬ ಆಸೆ ಹುಟ್ಟಿದ್ದು ಸಹಜವೇ ಆಗಿದೆ.

ಕೆಳಗೆ ಬಾವಿ, ಮೇಲೆ ಪ್ರಾರ್ಥನಾಮಂದಿರ: ಈ ಎರಡಂತಸ್ತಿನ ಕಟ್ಟಡ 16ನೆಯ ಶತಮಾನದ ಆರಂಭದ್ದು. ಇಂಗ್ಲೆಂಡಿನ ಅರಸ ಏಳನೆಯ ಹೆನ್ರಿಯ ತಾಯಿ ಮಾರ್ಗರೆಟ್ ಬ್ಯೂಫರ್ಟ್ ಇದನ್ನು ಕಟ್ಟಿಸಿದಳೆಂದು ಪರಂಪರೆ ಹೇಳುತ್ತದೆ. ಇಲ್ಲಿನ ಕೆತ್ತನೆಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಒಂದೇ: ನಡೆಯಲಾರದ ರೋಗಿಯನ್ನು ಬೆನ್ನ ಮೇಲೆ ಹೊತ್ತು ನೀರಿಗಿಳಿಸಲು ಬರುತ್ತಿರುವ ಒಬ್ಬ ಮನುಷ್ಯ. ದೇವದೂತರನ್ನೂ ಅರಸರನ್ನೂ ಕೆತ್ತಬಲ್ಲ ಕೈಗಳು ಆ ಹೊರುವವನನ್ನು ಮರೆತಿಲ್ಲವಲ್ಲ ಎಂದು ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಗುಣವಾದವರು ಗೋಡೆಯ ಕಲ್ಲಿನಲ್ಲಿ ಹೆಸರಿನ ಮೊದಲಕ್ಷರಗಳನ್ನೂ ಇಸವಿಯನ್ನೂ ಕೊರೆದು ಹೋಗಿದ್ದಾರೆ; ಇನ್ನು ಬೇಡವೆಂದು ಅವರು ಬಿಟ್ಟುಹೋದ ಊರುಗೋಲುಗಳನ್ನು ಪಕ್ಕದ ಸಂಗ್ರಹಾಲಯದಲ್ಲಿ ಕಾಣಬಹುದು.

ಅರಸೊತ್ತಿಗೆಯೇ ಪ್ರೊಟೆಸ್ಟಂಟ್ ಪಂಥದತ್ತ ತಿರುಗಿ ಯಾತ್ರೆಗಳನ್ನು ಅಡಗಿಸಹೊರಟ ಮತಸುಧಾರಣೆಯ ಕಾಲದಲ್ಲಿ ಬ್ರಿಟನ್ನಿನ ಅನೇಕ ಯಾತ್ರಾಸ್ಥಳಗಳು ನಾಶವಾದರೂ ಇಲ್ಲಿಗೆ ಜನ ಬರುವುದು ನಿಲ್ಲಲಿಲ್ಲ. 1680ರ ದಶಕದಲ್ಲಿ ಅರಸ ಎರಡನೆಯ ಜೇಮ್ಸ್ ಸಂತಾನಕ್ಕಾಗಿ ಬೇಡಿಕೊಳ್ಳಲು ಬಂದಿದ್ದನು.

ಅಧಿಕಾರ ತಡೆಯಲಾಗದ ಈ ಧಾರೆಯನ್ನು ಗಣಿಗಾರಿಕೆ ತಡೆಯಿತು. ಸೀಸದ ಗಣಿಗಳ ನೀರನ್ನು ಬಸಿಯಲು ತೋಡುತ್ತಿದ್ದ ಸುರಂಗವು 1917ರಲ್ಲಿ ನೆಲದೊಳಗಿನ ಸೆಲೆಯನ್ನು ಕಡಿದಾಗ ಬುಗ್ಗೆ ಬತ್ತಿಹೋಯಿತು. ಈಗ ಉಕ್ಕುತ್ತಿರುವುದು ಆ ಬಳಿಕ ಬೇರೊಂದು ಮೂಲದಿಂದ ತಿರುಗಿಸಿ ತಂದ ನೀರು. ಕಟ್ಟಡವು ಇಂದು ಗ್ರೇಡ್ 1, ಅಂದರೆ ಅತ್ಯುನ್ನತ ಶ್ರೇಣಿಯ ಸಂರಕ್ಷಿತ ಸ್ಮಾರಕವಾಗಿದೆ. ಆದರೆ ಕಲ್ಲನ್ನು ಕಾಯುವಷ್ಟೇ ಎಚ್ಚರದಿಂದ ಕಣ್ಣಿಗೆ ಕಾಣದ ಸೆಲೆಯನ್ನೂ ಕಾಯಬೇಕಿತ್ತೆಂಬ ನೋವು ನನಗಿದೆ.

ನೀರು ಬದಲಾದರೂ ಭಕ್ತರ ಪದ್ಧತಿ ಬದಲಾಗಿಲ್ಲ. ನಿಗದಿತ ವೇಳೆಯಲ್ಲಿ ಕೊರೆಯುವ ತಣ್ಣೀರಿಗಿಳಿದು ಮೂರು ಬಾರಿ ಹಾದುಹೋಗುವುದು, ಆಮೇಲೆ ಹೊರಗಿನ ಕೊಳದಲ್ಲಿರುವ ಸಂತ ಬೇನೊನ ಕಲ್ಲಿನ ಮೇಲೆ ಮೊಣಕಾಲೂರಿ ಪ್ರಾರ್ಥಿಸುವುದು ಇಲ್ಲಿನ ರೂಢಿ. ಆ ಕಲ್ಲು ಇಗೋ, ನೀರಿನಡಿಯಲ್ಲಿ ಕಾಣುತ್ತಿದೆ.