ಬಂದೂಕು ಒಯ್ಯುವ ಹಕ್ಕು, ಬಳಸುವ ಹಕ್ಕು

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಬಂದೂಕಿನ ಕಾನೂನು ಸಡಿಲವಾಗಿರುವ ದೇಶದಲ್ಲಿ ಆತ್ಮರಕ್ಷಣೆಯ ಹಕ್ಕೂ ವಿಶಾಲವಾಗಿರುತ್ತದೆ, ಬಿಗಿಯಾಗಿರುವ ಕಡೆ ಆ ಹಕ್ಕೂ ಕಿರಿದಾಗಿರುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಅದು ನಿಲ್ಲುವುದಿಲ್ಲ. ಆಯುಧ ಹೊತ್ತು ಬೀದಿಗಿಳಿಯಬಹುದೇ ಎಂಬುದು ಒಂದು ಪ್ರಶ್ನೆ. ಮೇಲೆರಗಿದವನನ್ನು ಎಷ್ಟರಮಟ್ಟಿಗೆ ಎದುರಿಸಬಹುದು ಎಂಬುದು ಇನ್ನೊಂದು. ಬಹಳಷ್ಟು ದೇಶಗಳು ಇವೆರಡಕ್ಕೂ ಬೇರೆ ಬೇರೆ ಕಾಯ್ದೆಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಉತ್ತರ ಬರೆದುಕೊಂಡಿವೆ.

ಇದಕ್ಕೆ ಜರ್ಮನಿಗಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಗುಂಡು ತುಂಬಿದ ಪಿಸ್ತೂಲು ಒಯ್ಯಲು ಬೇಕಾದ ವಿಶೇಷ ಪರವಾನಗಿ ಅಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವುದು ತೀರಾ ಅಪರೂಪ. ಉಳಿದವರಿಗಿಂತ ತನ್ನ ಜೀವಕ್ಕೆ ಗಣನೀಯವಾಗಿ ಹೆಚ್ಚಿನ ಅಪಾಯವಿದೆಯೆಂದೂ ಆಯುಧವಿದ್ದರೆ ಅದು ತಗ್ಗುತ್ತದೆಯೆಂದೂ ಅರ್ಜಿದಾರನೇ ತೋರಿಸಿಕೊಡಬೇಕು. ಆದರೆ ಅದೇ ದೇಶದ ದಂಡಸಂಹಿತೆಯ 32ನೇ ಕಲಂ, ಕಣ್ಣೆದುರಿನ ಅಕ್ರಮ ದಾಳಿಯನ್ನು ತಡೆಯಲು ಅಗತ್ಯವಾದ ಬಲಪ್ರಯೋಗವನ್ನು ಸಮರ್ಥಿಸುತ್ತದೆ. ಓಡಿಹೋಗಲು ದಾರಿಯಿತ್ತಲ್ಲ ಎಂದು ನ್ಯಾಯಾಲಯ ಸಾಮಾನ್ಯವಾಗಿ ಕೇಳುವುದಿಲ್ಲ. ಗಾಬರಿಯಿಂದಲೋ ಭಯದಿಂದಲೋ ಆ ಮಿತಿಯನ್ನು ಮೀರಿದವನಿಗೆ ಶಿಕ್ಷೆಯಿಲ್ಲ ಎನ್ನುತ್ತದೆ 33ನೇ ಕಲಂ.

2010ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಒಂದು ಘಟನೆಯನ್ನು ನೋಡೋಣ. ಮೋಟರ್‌ಸೈಕಲ್ ಗ್ಯಾಂಗಿನ ಸದಸ್ಯನೊಬ್ಬನ ಮನೆಯ ಶೋಧಕ್ಕಾಗಿ ಪೊಲೀಸರ ವಿಶೇಷ ದಳ ಬೆಳಗಿನ ಜಾವ ಬಂದು, ತಾವು ಯಾರೆಂದು ಹೇಳದೆ ಬಾಗಿಲು ಮುರಿಯತೊಡಗಿತು. ಎದುರಾಳಿ ಗ್ಯಾಂಗಿನವರು ತನ್ನನ್ನು ಕೊಲ್ಲಲು ಬಂದಿದ್ದಾರೆಂದು ತಿಳಿದ ಆತ ದೀಪ ಹಾಕಿದ, ಕೂಗಿದ. ಉತ್ತರ ಬರಲಿಲ್ಲ, ಬಾಗಿಲ ಮೇಲಿನ ಹೊಡೆತವೂ ನಿಲ್ಲಲಿಲ್ಲ. ಆತ ಬಾಗಿಲಿನ ಮೂಲಕವೇ ಗುಂಡು ಹಾರಿಸಿದ, ಒಬ್ಬ ಅಧಿಕಾರಿ ಸತ್ತರು. ಕೆಳ ನ್ಯಾಯಾಲಯ ಆತನಿಗೆ ಜೈಲುಶಿಕ್ಷೆ ವಿಧಿಸಿತು. 2011ರಲ್ಲಿ ದೇಶದ ಉನ್ನತ ನ್ಯಾಯಾಲಯ, ಆತ ನಂಬಿದ್ದ ಪರಿಸ್ಥಿತಿಯಲ್ಲಿ ಗುಂಡು ಹಾರಿಸುವುದು ಆತ್ಮರಕ್ಷಣೆಯೇ ಆಗುತ್ತಿತ್ತೆಂದು ಖುಲಾಸೆಗೊಳಿಸಿತು. ಬಂದೂಕಿನ ವಿಷಯದಲ್ಲಿ ಇಷ್ಟು ಬಿಗಿಯಾದ ದೇಶದಿಂದ ಇಂಥ ತೀರ್ಪನ್ನು ಹೆಚ್ಚಿನವರು ನಿರೀಕ್ಷಿಸಲಾರರು.

ಅಮೆರಿಕದ ವಿಷಯಕ್ಕೆ ಬಂದರೆ, ಅದನ್ನು ಒಂದೇ ಘಟಕವೆಂದು ಎಣಿಸಿದರೆ ದಾರಿ ತಪ್ಪುತ್ತದೆ. ಫ್ಲೋರಿಡಾದಲ್ಲಿ 2005ರ ಕಾಯ್ದೆ, ಬಲ ಬಳಸುವ ಮೊದಲು ಸಾಧ್ಯವಿದ್ದರೆ ಹಿಮ್ಮೆಟ್ಟಬೇಕೆಂಬ ಕರ್ತವ್ಯವನ್ನು ಸಾರ್ವಜನಿಕ ಸ್ಥಳಗಳಲ್ಲೂ ತೆಗೆದುಹಾಕಿತು; 2023ರ ಜುಲೈನಿಂದ ಅರ್ಹರು ಪರವಾನಗಿಯಿಲ್ಲದೆಯೇ ಮರೆಯಲ್ಲಿ ಬಂದೂಕು ಒಯ್ಯಬಹುದು. ನ್ಯೂಯಾರ್ಕ್ ಇದಕ್ಕೆ ತದ್ವಿರುದ್ಧ. ಪಿಸ್ತೂಲು ಒಯ್ಯಬೇಕೆನ್ನುವವರು ಅಲ್ಲಿ ಸಾರ್ವಜನಿಕರಿಗಿಲ್ಲದ ವಿಶೇಷ ಕಾರಣವನ್ನು ತೋರಿಸಬೇಕಿತ್ತು. ನೆರೆಹೊರೆಯಲ್ಲಿ ಸಾಲು ಸಾಲು ದರೋಡೆಗಳಾಗಿವೆ ಎಂಬ ಒಬ್ಬ ಅರ್ಜಿದಾರನ ಅಹವಾಲು ಕೂಡ ಸಾಲದಾಯಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆಯುಧ ಹೊಂದುವ ಹಕ್ಕನ್ನು ಕಾಪಾಡುವ, ಸಂವಿಧಾನದ 1791ರ ಎರಡನೇ ತಿದ್ದುಪಡಿಯ ಆಧಾರದಲ್ಲಿ ಈ ಷರತ್ತನ್ನು ರದ್ದುಗೊಳಿಸಿತು. ಅಷ್ಟಾದರೂ ಪ್ರಾಣಾಂತಿಕ ಬಲಪ್ರಯೋಗದ ಕುರಿತ ಆ ರಾಜ್ಯದ ನಿಯಮ ಹಾಗೆಯೇ ಉಳಿಯಿತು: ಸಂಪೂರ್ಣ ಸುರಕ್ಷಿತವಾಗಿ ಹಿಮ್ಮೆಟ್ಟಬಹುದೆಂದು ತಿಳಿದಿದ್ದರೆ, ಮನೆಯ ಹೊರಗೆ ಮೊದಲು ಹಿಮ್ಮೆಟ್ಟಬೇಕು. ಸೊಂಟದಲ್ಲಿ ಪಿಸ್ತೂಲಿಟ್ಟುಕೊಳ್ಳುವ ಹಕ್ಕು ಬಂತು, ಅದನ್ನು ಹಾರಿಸುವ ಹಕ್ಕು ಒಂದಿಷ್ಟೂ ಹಿಗ್ಗಲಿಲ್ಲ. ಅಲ್ಲಿನ ಪತ್ರಿಕಾ ಚರ್ಚೆಗಳು ಈ ವ್ಯತ್ಯಾಸವನ್ನು ಬಹಳ ಸಲ ಮರೆಯುತ್ತವೆ.

ಇಂಗ್ಲೆಂಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1996ರಲ್ಲಿ ನೆರೆಯ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡದ ನಂತರ ಅಲ್ಲಿ ಖಾಸಗಿಯವರಿಗೆ ಪಿಸ್ತೂಲು ಬಹುತೇಕ ನಿಷಿದ್ಧ. ಮನೆಗೆ ನುಗ್ಗಿದವನ ಮೇಲೆ ಬಳಸಿದ ಬಲ ಮಾತ್ರ, 2013ರ ತಿದ್ದುಪಡಿಯಂತೆ, ವಿಪರೀತ ಅತಿಯಾಗಿರದಿದ್ದರೆ ಸಮಂಜಸವೆಂದು ಪರಿಗಣಿತವಾಗಬಹುದು. ಭಾರತದಲ್ಲಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿಯನ್ನು ಬಿಗಿಯಾಗಿ ಹಿಡಿದಿದ್ದರೆ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರವಾಗಿ ಬಿಡಿಸಿಡುತ್ತವೆ. ಕೆಲವು ಸಂದರ್ಭಗಳಲ್ಲಿ ಅದು ದಾಳಿಕೋರನ ಸಾವಿನವರೆಗೂ ಚಾಚುತ್ತದೆ.

ಎರಡೂ ಪ್ರಶ್ನೆಗಳನ್ನು ಒಂದೇ ವಾಕ್ಯದಲ್ಲಿ ಕೂಡಿಸಲು ಹೊರಟದ್ದು ಚೆಕ್ ಗಣರಾಜ್ಯ. ತನ್ನ ಅಥವಾ ಇನ್ನೊಬ್ಬರ ಜೀವವನ್ನು ಆಯುಧದಿಂದಲೂ ರಕ್ಷಿಸಿಕೊಳ್ಳುವ ಹಕ್ಕನ್ನು ಅದು 2021ರಲ್ಲಿ ಮೂಲಭೂತ ಹಕ್ಕುಗಳ ಸನ್ನದಿಗೆ ಸೇರಿಸಿತು. ಆದರೆ ‘ಕಾನೂನು ನಿಗದಿಪಡಿಸಿದ ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತೂ ಅದೇ ವಾಕ್ಯದಲ್ಲಿದೆ. ಹಾಗಾಗಿ ಪರೀಕ್ಷೆ, ವೈದ್ಯಕೀಯ ತಪಾಸಣೆ, ಪರವಾನಗಿ ಯಾವುದೂ ಅಲ್ಲಿ ತಪ್ಪಿಲ್ಲ.