ದುಡಿದು ಬಂದ ಮೈಗೆ ಸಂಜೆಯ ಜಳಕ

ವೇದಿಕೆಯ ಮೇಲಿರುವ ಹಿರಿಯರಿಗೂ, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಳ್ಳಿಗಳಿಂದ ಬಂದಿರುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೂ, ರೈತ ಬಾಂಧವರಿಗೂ, ತಾಯಂದಿರಿಗೂ ಶರಣು ಶರಣಾರ್ಥಿಗಳು.

ಸ್ನಾನ ಮಾಡಬೇಕೆಂದು ಕಲಬುರಗಿ ಸೀಮೆಯ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಈ ನಾಡಿನಲ್ಲಿ ಮೈ ತಾನಾಗಿಯೇ ನೀರು ಕೇಳುತ್ತದೆ. ಆದ್ದರಿಂದ ದಿನಾಲು ಜಳಕ ಮಾಡಿರಿ ಎಂಬ ಉಪದೇಶಕ್ಕೆ ಈ ಸಮಯವನ್ನು ನಾನು ಬಳಸುವುದಿಲ್ಲ. ನನಗೆ ಹೇಳಬೇಕಾಗಿರುವುದು ಬೇರೆ. ನಮ್ಮ ಮನೆಗಳಲ್ಲಿ ಜಳಕವೆಂದರೆ ಬಹುಮಟ್ಟಿಗೆ ಬೆಳಗಿನ ಕೆಲಸ. ಅದು ಪೂಜೆಗೂ ಅಡುಗೆಗೂ ಮೊದಲು ಮುಗಿಯಬೇಕು. ಆದರೆ ಮೈಗೆ ಕೊಳೆ ಹತ್ತುವುದು ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ, ರಸ್ತೆಯ ದೂಳಿನಲ್ಲಿ, ಹಗಲಿಡೀ. ಆ ಕೊಳೆಯನ್ನು ಹೊತ್ತುಕೊಂಡೇ ರಾತ್ರಿ ಹಾಸಿಗೆಗೆ ಹೋಗಿ ಮರುದಿನ ಬೆಳಿಗ್ಗೆ ತೊಳೆದುಕೊಳ್ಳುವುದರಿಂದ ಮನಸ್ಸಿಗೆ ಹಿತವಾಗಬಹುದು, ಚರ್ಮಕ್ಕೆ ಅಷ್ಟು ಹಿತವಾಗುವುದಿಲ್ಲ. ದಿನಕ್ಕೆ ಒಂದೇ ಜಳಕಕ್ಕೆ ನೀರಿದೆ ಎನ್ನುವ ದುಡಿಯುವ ಮನೆಗಳು ಅದನ್ನು ಸಂಜೆಗೆ ಇಟ್ಟುಕೊಳ್ಳಲಿ, ಬೆಳಿಗ್ಗೆ ಕೈಕಾಲು ಮುಖ ತೊಳೆದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಹಿರಿಯರ ಆಕ್ಷೇಪಣೆ ಇರಬಹುದೆಂದು ಬಲ್ಲೆ. ಕಾರಣಗಳನ್ನು ಕೇಳಿದ ಮೇಲೆ ತೀರ್ಮಾನಿಸಿರಿ.

ವಯಸ್ಕರ ಚರ್ಮವನ್ನು ಬಿಚ್ಚಿ ಹಾಸಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಬೆವರಿನ ಗ್ರಂಥಿಗಳಿವೆ. ಹೊರಚರ್ಮದ ಜೀವಕೋಶಗಳು ಹೆಚ್ಚುಕಡಿಮೆ ನಾಲ್ಕು ವಾರಗಳಿಗೊಮ್ಮೆ ಹೊಸದಾಗುತ್ತವೆ. ಸತ್ತ ಕೋಶಗಳು ದಿನವೂ ಉದುರುತ್ತವೆ. ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆಂದರೆ ಅನೇಕರು ನಂಬುವುದಿಲ್ಲ. ಮುಖ್ಯವಾಗಿ ಕಂಕುಳಲ್ಲಿ ಮತ್ತು ತೊಡೆಸಂದಿಯಲ್ಲಿ ಇರುವ ಬೇರೊಂದು ಬಗೆಯ ಗ್ರಂಥಿಗಳು ಜಿಡ್ಡು ಬೆರೆತ ಬೆವರನ್ನು ಹೊರಹಾಕುತ್ತವೆ, ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಹಾಗೆಂದು ಚರ್ಮದ ಮೇಲಿನ ಎಲ್ಲ ಸೂಕ್ಷ್ಮಜೀವಿಗಳೂ ಶತ್ರುಗಳಲ್ಲ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ, ಆ ಆಮ್ಲೀಯತೆಯಲ್ಲಿ ಬದುಕಲು ಹೊಂದಿಕೊಂಡ ಜೀವಿಗಳು ಹೊರಗಿನ ರೋಗಾಣುಗಳಿಗೆ ಜಾಗ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಮೈಯನ್ನು ಕಲ್ಲಿನಿಂದ ಕೆಂಪಾಗುವಂತೆ ತಿಕ್ಕುವುದು, ದಿನಕ್ಕೆ ಎರಡು ಮೂರು ಸಲ ಮೈತುಂಬ ಸಾಬೂನು ಹಚ್ಚುವುದು ಶುಚಿತ್ವವಲ್ಲ; ಅದು ಚರ್ಮದ ಕಾವಲನ್ನು ಕಿತ್ತುಹಾಕುವ ಕೆಲಸ. ಸಾಬೂನು ದಿನಾಲು ಬೇಕಾಗಿರುವುದು ಕಂಕುಳು, ತೊಡೆಸಂದಿ, ಪೃಷ್ಠಭಾಗ, ಪಾದ ಮತ್ತು ಬೆರಳ ಸಂದುಗಳಿಗೆ. ಹೆಂಗಸರಲ್ಲಿ ಎದೆಯ ಕೆಳಗಿನ ಮಡಿಕೆಗೆ. ದೂಳು, ರಾಸಾಯನಿಕ ಬೀಳದ ದಿನ ಉಳಿದ ಮೈಗೆ ನೀರು ಸಾಕು.

ದೂಳು ಬೀಳುವ ದಿನಗಳ ಮಾತು ಬೇರೆ. ಡಿಸೆಂಬರ್, ಜನವರಿಯಲ್ಲಿ ತೊಗರಿಯ ರಾಶಿ ನಡೆಯುವಾಗ ಹೊಟ್ಟು ಕುತ್ತಿಗೆಯಲ್ಲಿ, ಸೊಂಟದಲ್ಲಿ ಸೇರಿ ತುರಿಕೆ ಎಬ್ಬಿಸುವುದನ್ನು ಇಲ್ಲಿ ಕುಳಿತವರೆಲ್ಲ ಬಲ್ಲರು. ತುರಿಸಿದಲ್ಲಿ ಚರ್ಮ ಗೀರಿ, ಗೀರಿದಲ್ಲಿ ಕೀವು ಸೇರುತ್ತದೆ. ಅದಕ್ಕಿಂತ ಗಂಭೀರವಾದದ್ದು, ನಮ್ಮ ರೈತರು ಎಣ್ಣೆ ಹೊಡೆಯುವುದು ಎಂದು ಕರೆಯುವ ಕೀಟನಾಶಕದ ಸಿಂಪಡಣೆ. ತೊಗರಿಯ ಕಾಯಿಕೊರಕಕ್ಕೋ ಹತ್ತಿಯ ಹುಳುವಿಗೋ ಹೊಡೆಯುವ ಈ ವಿಷಗಳಲ್ಲಿ ಹಲವು, ಮುಖ್ಯವಾಗಿ ಆರ್ಗನೋಫಾಸ್ಫೇಟ್ ವರ್ಗದವು, ಬಾಯಿಯಿಂದಲೇ ಒಳಹೋಗಬೇಕೆಂದಿಲ್ಲ. ಚರ್ಮದಿಂದಲೂ ರಕ್ತಕ್ಕೆ ಸೇರುತ್ತವೆ. ಅಂಗೈಯ ದಪ್ಪ ಚರ್ಮಕ್ಕಿಂತ ಕಂಕುಳು ಮತ್ತು ತೊಡೆಸಂದಿಯ ತೆಳುವಾದ, ಬೆವರಿದ ಚರ್ಮದಲ್ಲಿ ಬೇಗ ಇಳಿಯುತ್ತವೆ. ಬೆನ್ನಿಗೆ ಕಟ್ಟಿಕೊಂಡ ಪಂಪು ಸೋರಿ ಅಂಗಿ ತೊಯ್ದಿದ್ದರೆ, ಆ ಅಂಗಿಯಲ್ಲೇ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ರಾತ್ರಿ ಮನೆಗೆ ಬರುವವನ ಮೈಗೆ ವಿಷ ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಅಂಥವನು ಅಂಗಿಯನ್ನು ತಕ್ಷಣ ಕಳಚಿ, ತಲೆಕೂದಲು ಮತ್ತು ಉಗುರಿನ ಸಂದು ಸಹಿತ ಮೈಯನ್ನೆಲ್ಲ ಸಾಬೂನಿನಿಂದ ತೊಳೆಯಬೇಕು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬಾರದು. ಇದನ್ನು ಮರುದಿನದ ಬೆಳಗಿಗೆ ಬಿಡಲಾಗದು. ವಾಂತಿ, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ತೊಳೆಯುತ್ತಲೇ ಆಸ್ಪತ್ರೆಯ ವ್ಯವಸ್ಥೆ ಮಾಡಬೇಕು, ವಿಷದ ಡಬ್ಬಿಯನ್ನು ಜೊತೆಗೆ ಒಯ್ಯಬೇಕು.

ಇನ್ನು ಸಾಬೂನಿನ ವಿಚಾರ. ನಮ್ಮ ಭಾಗದ ತಾಯಂದಿರ ದೂರು ಎಂದರೆ ಬೋರಿನ ನೀರಿಗೆ ನೊರೆಯೇ ಬರುವುದಿಲ್ಲ ಎಂಬುದು. ಇದಕ್ಕೆ ಕಾರಣ ನಮ್ಮ ಕಾಲ ಕೆಳಗಿದೆ. ಬಚ್ಚಲಿಗೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದಕ್ಕಾಗಿಯೇ. ಆ ಪದರಗಳ ನಡುವೆ ಹರಿದು ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ, ಅವು ಸಾಬೂನಿನ ಜೊತೆ ಕೂಡಿ ನೀರಿನಲ್ಲಿ ಕರಗದ ಬಿಳಿ ಗಸಿಯಾಗುತ್ತವೆ. ಅದು ಮೈಮೇಲೆ ಉಳಿದು ಚರ್ಮ ಬಿರುಸಾಗುತ್ತದೆ, ಚಳಿಗಾಲದಲ್ಲಿ ಮುದುಕರ ಕಣಕಾಲು ತುರಿಸತೊಡಗುತ್ತದೆ. ಇದಕ್ಕೆ ಉಪಾಯವಿಲ್ಲದೆ ಇಲ್ಲ. ನೀರನ್ನು ಕುದಿಸಿದಾಗ ಈ ಲವಣಗಳಲ್ಲಿ ಒಂದು ಭಾಗ ತಳಕ್ಕೆ ಕೂರುತ್ತದೆ. ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆ ಅದೇ. ತಳ ಕಲಕದೆ ಮೇಲಿನ ನೀರನ್ನು ತೆಗೆದು ತಣ್ಣೀರು ಕಡಿಮೆ ಬೆರೆಸಿಕೊಂಡರೆ ನೊರೆ ಹೆಚ್ಚು ಬರುತ್ತದೆ. ಮಳೆನೀರು ಇನ್ನೂ ಮೆದು. ಸಾಬೂನನ್ನು ಮಿತವಾಗಿ ಹಚ್ಚಿ ಚೆನ್ನಾಗಿ ತೊಳೆದು, ಮೈ ಇನ್ನೂ ಹಸಿಯಾಗಿರುವಾಗಲೇ ಕೊಬ್ಬರಿ ಎಣ್ಣೆಯನ್ನು ತೆಳ್ಳಗೆ ಸವರಿಕೊಂಡರೆ ವೃದ್ಧರ ತುರಿಕೆ ಬಹಳ ಮಟ್ಟಿಗೆ ತಗ್ಗುತ್ತದೆ. ಅಂದಹಾಗೆ, ಫ್ಲೋರೈಡ್ ಇದೆಯೆಂದು ಕುಡಿಯಲು ಬಿಟ್ಟ ಬೋರಿನ ನೀರಿನಲ್ಲಿ ಜಳಕ ಮಾಡಬಹುದೇ ಎಂದು ಯಾದಗಿರಿ ಕಡೆಯವರು ಕೇಳುವುದುಂಟು. ಮಾಡಬಹುದು, ಅಂಥ ನೀರಿನ ಫ್ಲೋರೈಡ್ ಚರ್ಮದಿಂದ ಒಳಗೆ ಹೋಗುವುದಿಲ್ಲ.

ಸಾಬೂನು ಕೊಳ್ಳುವಾಗ ಹೊದಿಕೆಯ ಮೇಲಿನ ಚಿಕ್ಕ ಅಕ್ಷರಗಳನ್ನು ಓದಿರಿ. ಟಿಎಫ್‌ಎಂ ಎಂದು ಬರೆದಿರುವುದು ಅದರಲ್ಲಿರುವ ಕೊಬ್ಬಿನ ಅಂಶದ ಪ್ರಮಾಣ. ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಅದು 76 ಪ್ರತಿಶತಕ್ಕೆ ಕಡಿಮೆ ಇರಬಾರದೆಂಬ ಮಾನದಂಡವಿದೆ. ರೋಗಾಣು ಕೊಲ್ಲುವ ಸಾಬೂನು ಎಂಬ ಜಾಹೀರಾತಿಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ಕರಾಚಿ ನಗರದ ಬಡ ಬಡಾವಣೆಗಳಲ್ಲಿ ಮನೆಮನೆಗೆ ಸಾಬೂನು ಹಂಚಿ, ಕೈ ತೊಳೆಯಲು ಮತ್ತು ದಿನಾಲು ಸ್ನಾನ ಮಾಡಲು ಪ್ರೋತ್ಸಾಹಿಸಿ ನಡೆಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಮಕ್ಕಳಲ್ಲಿ ಕೀವುಗುಳ್ಳೆಯ ಚರ್ಮರೋಗ 34 ಪ್ರತಿಶತ ಇಳಿಯಿತು, ಭೇದಿಯೂ ನ್ಯುಮೋನಿಯಾವೂ ಸುಮಾರು ಅರ್ಧಕ್ಕೆ ಇಳಿದವು. ಈ ಲಾಭ ಸಾದಾ ಸಾಬೂನು ಬಳಸಿದ ಮನೆಗೂ ರೋಗಾಣುನಾಶಕ ಸಾಬೂನು ಬಳಸಿದ ಮನೆಗೂ ಒಂದೇ ಆಗಿತ್ತು. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಇಂಥ ಸಾಬೂನುಗಳಿಂದ ತೆಗೆಸಿತು. ಆದರೆ ಒಂದು ಎಚ್ಚರಿಕೆ: ಭೇದಿ ತಡೆಯುವುದು ಮುಖ್ಯವಾಗಿ ಕೈತೊಳೆಯುವಿಕೆ. ಬೆಳಿಗ್ಗೆ ಜಳಕವಾಗಿದೆ ಎಂದು ಊಟದ ಮುಂಚೆ ಕೈಗೆ ಸಾಬೂನು ಹಚ್ಚದವರಿಗೆ ಆ ಜಳಕ ನೆರವಾಗದು.

ಒರೆಸಿಕೊಳ್ಳುವುದು ಜಳಕದ ಅರ್ಧಭಾಗ. ನಮ್ಮಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಗಜಕರ್ಣ, ಹುಳುಕಡ್ಡಿ ಎಂದು ಕರೆಯುವ ಶಿಲೀಂಧ್ರ ರೋಗ ಕಳೆದ ಕೆಲವು ವರ್ಷಗಳಲ್ಲಿ ದೇಶದ ತುಂಬ ಹರಡಿದೆ. ಬೆಚ್ಚಗೆ, ಒದ್ದೆಯಾಗಿರುವ ಚರ್ಮ ಆ ಶಿಲೀಂಧ್ರಕ್ಕೆ ಬೇಕು. ಜಳಕ ಮಾಡಿ ತೊಡೆಸಂದಿ ಒರೆಸದೆ ಬಿಗಿಯಾದ ಪ್ಯಾಂಟ್ ಏರಿಸಿದವನು ಅದಕ್ಕೆ ಮನೆ ಕಟ್ಟಿಕೊಟ್ಟಂತೆ. ಸೊಂಟದ ಉಡುದಾರವನ್ನು ನೋಡಿರಿ. ಅದು ಇಡೀ ದಿನ ಒಣಗುವುದಿಲ್ಲ, ಅನೇಕರಲ್ಲಿ ಹುಳುಕಡ್ಡಿಯ ಮೊದಲ ಉಂಗುರ ಅದರ ಕೆಳಗೇ ಕಾಣಿಸುತ್ತದೆ. ಸಂಪ್ರದಾಯ ಬಿಡಲಾಗದವರು ದಾರವನ್ನು ಆಗಾಗ ಬದಲಿಸಲಿ, ರೋಗ ಇರುವಷ್ಟು ದಿನವಾದರೂ ತೆಗೆದಿಡಲಿ. ಮನೆಮಂದಿಗೆಲ್ಲ ಒಂದೇ ಟವೆಲ್ ಬೇಡ. ನಾಚಿಕೆಯಿಂದ ಹೆಂಗಸರ ಒಳಉಡುಪನ್ನು ಸೀರೆಯ ಕೆಳಗೆ ಮರೆಮಾಡಿ ಒಣಗಿಸುವ ರೂಢಿ ಹೋಗಬೇಕು, ಅದಕ್ಕೂ ಬಿಸಿಲು ಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆಸಿದ ಮುಲಾಮು ಎರಡು ದಿನದಲ್ಲಿ ತುರಿಕೆ ಅಡಗಿಸಿ, ರೋಗವನ್ನು ಒಳಗೊಳಗೇ ಹಬ್ಬಿಸುತ್ತದೆ; ಅದರಿಂದ ದೂರವಿರಿ.

ಕಜ್ಜಿಯ ಬಗ್ಗೆ ಎರಡೇ ಮಾತು. ಚರ್ಮದೊಳಗೆ ಬಿಲ ಕೊರೆಯುವ ಹುಳುವಿನಿಂದ ಬರುವ ಈ ರೋಗವು ಜಳಕದಿಂದ ಗುಣವಾಗುವುದಿಲ್ಲ, ಹೊಲಸು ಮನೆಯವರಿಗೇ ಬರುತ್ತದೆ ಎಂಬುದೂ ಸುಳ್ಳು. ರಾತ್ರಿ ತುರಿಕೆ ಹೆಚ್ಚಾಗಿ, ಬೆರಳ ಸಂದಿನಲ್ಲಿ ಗುಳ್ಳೆ ಕಂಡರೆ, ವೈದ್ಯರು ಕೊಟ್ಟ ಮುಲಾಮನ್ನು ತುರಿಕೆ ಇರುವವರೂ ಇಲ್ಲದವರೂ ಸೇರಿ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯಬೇಕು.

ತೊಳೆಯುವುದೇ ಚಿಕಿತ್ಸೆಯಾಗುವ ರೋಗವೊಂದಿದೆ, ಅದು ನಮ್ಮದೇ ನೆಲದ್ದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳೆಂದು ಗುರುತಿಸಲಾದವು; ರಾತ್ರಿ ಮನೆಬಾಗಿಲಿಗೆ ಬಂದು ರಕ್ತದ ಹನಿ ತೆಗೆದುಕೊಂಡು ಹೋಗುವುದು, ವರ್ಷಕ್ಕೊಮ್ಮೆ ಎದುರಿಗೇ ಗುಳಿಗೆ ನುಂಗಿಸುವುದು ಈ ರೋಗಕ್ಕಾಗಿ. ಸೊಳ್ಳೆಯಿಂದ ದೇಹ ಸೇರಿದ ಹುಳು, ಮೈಯೊಳಗಿನ ದ್ರವವನ್ನು ಮರಳಿ ರಕ್ತಕ್ಕೆ ಸಾಗಿಸುವ ದುಗ್ಧನಾಳಗಳನ್ನು ಕೆಡಿಸುತ್ತದೆ, ಕಾಲಿನಲ್ಲಿ ದ್ರವ ನಿಲ್ಲುತ್ತದೆ. ಒಮ್ಮೆ ಬಾತ ಕಾಲನ್ನು ಗುಳಿಗೆ ಮೊದಲಿನಂತೆ ಮಾಡಲಾರದು. ಆದರೆ ಕಾಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುವುದಕ್ಕೆ ಹುಳು ಒಂದೇ ಕಾರಣವಲ್ಲ. ಬೆರಳ ಸಂದಿನ ಬಿರುಕಿನಿಂದ ಬ್ಯಾಕ್ಟೀರಿಯಾ ಒಳನುಗ್ಗಿ, ಚಳಿಜ್ವರ ಬಂದು, ಕಾಲು ಕೆಂಪಾಗಿ ಉರಿಯುವ ಪ್ರತಿಯೊಂದು ಸಲವೂ ಬಾವು ಇನ್ನಷ್ಟು ಗಟ್ಟಿಯಾಗುತ್ತದೆ. ಆ ಬಿರುಕನ್ನು ಮುಚ್ಚಿಡುವುದು ಸಾಬೂನು, ನೀರು ಮತ್ತು ಒಣ ಬಟ್ಟೆಯಿಂದ ಸಾಧ್ಯ. ಇಷ್ಟರಿಂದಲೇ ಜ್ವರದ ಸರದಿಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ದಿನಕ್ಕೆ ಒಮ್ಮೆಯಾದರೂ, ಸಾಧ್ಯವಾದರೆ ರಾತ್ರಿ ಮಲಗುವ ಮುಂಚೆಯೂ, ತಣ್ಣನೆಯ ಶುದ್ಧ ನೀರಿನಲ್ಲಿ ಕಾಲನ್ನು ತೊಯಿಸಿ, ಸಾಬೂನಿನ ನೊರೆಯನ್ನು ಕೈಯಿಂದಲೇ ಮೇಲಿನಿಂದ ಕೆಳಗೆ ಸವರಬೇಕು, ಪ್ರತಿಯೊಂದು ಮಡಿಕೆಯನ್ನೂ ಬಿಡಿಸಿ ತೊಳೆಯಬೇಕು. ಬಚ್ಚಲಲ್ಲಿಟ್ಟ ಉಜ್ಜುಗಲ್ಲು ಈ ಕಾಲಿಗೆ ತಾಕಬಾರದು. ತೊಳೆದ ನೀರು ತಿಳಿಯಾಗುವವರೆಗೂ ಸುರಿದು, ಮೆತ್ತನೆ ಬಟ್ಟೆಯನ್ನು ಒತ್ತಿ ನೀರು ಹೀರಿಸಬೇಕು. ಬೆರಳ ಸಂದುಗಳಿಗೆ ಬಟ್ಟೆಯ ತುದಿ ಹೋಗಲೇಬೇಕು. ಅಲ್ಲಿ ಬೆಳ್ಳಗೆ ಕೊಳೆತಂತೆ ಕಂಡರೆ ಆಸ್ಪತ್ರೆಯ ಮುಲಾಮು ಹಚ್ಚಬೇಕು. ಜ್ವರವಿರುವ ದಿನ ಕಾಲಿಗೆ ವಿಶ್ರಾಂತಿ ಕೊಟ್ಟು ವೈದ್ಯರಲ್ಲಿಗೆ ಹೋಗಬೇಕು. ಮಧುಮೇಹದವರ ಪಾದಕ್ಕೂ ಇದೇ ಆರೈಕೆ. ಅವರು ಇನ್ನೊಂದನ್ನು ನೆನಪಿಡಬೇಕು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ನೀರಿನ ಬಿಸಿ ತಿಳಿಯುವುದಿಲ್ಲ, ಆದ್ದರಿಂದ ಮೊದಲು ಮೊಣಕೈ ಅದ್ದಿ ನೋಡಿಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಚ್ಚಲಿಗೆ ಬಾಗಿಲಿರುವ ಮನೆಗೆ ಹೊಂದುತ್ತದೆ. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಶುರುವಾದ ಈಚೆಗೆ ಶೌಚಾಲಯದ ಬಗ್ಗೆ ಆದಷ್ಟು ಮಾತು ಬಚ್ಚಲಿನ ಬಗ್ಗೆ ಆಗಲಿಲ್ಲ. ಅಂಗಳದಲ್ಲಿ ಎರಡು ಸೀರೆ ಕಟ್ಟಿದ ಮರೆಯಲ್ಲಿ, ಕತ್ತಲಿರುವಾಗಲೇ, ಬಟ್ಟೆ ಉಟ್ಟುಕೊಂಡೇ ನೀರು ಸುರಿದುಕೊಳ್ಳುವ ಹೆಂಗಸರಿಗೆ ಸಂಜೆ ಜಳಕ ಮಾಡಿರಿ ಎನ್ನುವುದು ಸುಲಭ. ಅವರು ಎಲ್ಲಿ ಮಾಡಬೇಕು? ಮೈಯ ಮಡಿಕೆಗಳನ್ನು ತೊಳೆದು ಒಣಗಿಸಲು ಮರೆ ಬೇಕು, ಹೊತ್ತು ಬೇಕು. ಗಂಡಸರು ಮನೆಗೆ ಟಿವಿ ತರುವ ಮೊದಲು ನಾಲ್ಕು ಶಹಾಬಾದ್ ಕಲ್ಲು ನಿಲ್ಲಿಸಿ ಒಂದು ಬಾಗಿಲು ಹಚ್ಚಿದರೆ ಅದು ಮನೆಯ ಹೆಂಗಸರ ಆರೋಗ್ಯಕ್ಕೆ ಮಾಡಿದ ಖರ್ಚು. ಮುಟ್ಟಿನ ದಿನಗಳಲ್ಲಿ ಜಳಕ ಕೂಡದೆಂಬ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದರಲ್ಲಿ ಹುರುಳಿಲ್ಲ, ಬೆಚ್ಚನೆಯ ನೀರು ಆಗ ಹೊಟ್ಟೆನೋವಿಗೂ ಹಿತ. ಹೊರಗಿನ ಭಾಗವನ್ನು ನೀರಿನಿಂದ ತೊಳೆದರೆ ಸಾಕು, ಒಳಗೆ ಸಾಬೂನು ಹೋಗಬಾರದು.

ಹುಟ್ಟಿದ ಕೂಸಿಗೆ ಕೂಡಲೇ ಎರೆಯುವ ರೂಢಿಯನ್ನೂ ಬಿಡಬೇಕು. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಏಕೆಂದರೆ ಕೂಸಿನ ಮೈ ಬೇಗ ತಣ್ಣಗಾಗುತ್ತದೆ, ಮೈಮೇಲಿನ ಬಿಳಿ ಲೇಪ ಅದಕ್ಕೆ ರಕ್ಷಣೆ. ಎರೆಯುವ ಅಜ್ಜಿಯರ ಕೈಚಳಕದ ಮೇಲೆ ನನಗೆ ಗೌರವವಿದೆ, ಆದರೆ ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಜಳಕದ ನಂತರ ಹೊಗೆ ಹಿಡಿಯುವುದು ಕೂಸಿಗೆ ಕೇಡು. ಬೀದರಿನ ಚಳಿಗೆ ಹೆದರಿ ಗ್ಯಾಸ್ ಗೀಸರ್ ಹಾಕಿಸಿದವರು ಅದನ್ನು ಕಿಟಕಿಯಿಲ್ಲದ ಬಚ್ಚಲೊಳಗೆ ಇಡಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಎಚ್ಚರ ತಪ್ಪುವವರೆಗೆ ತಿಳಿಯುವುದೇ ಇಲ್ಲ.

ನೀರೆಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ಜಲಜೀವನ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಅಷ್ಟು ಬರದ ಊರುಗಳ ಕಷ್ಟ ನಮಗೆ ಗೊತ್ತು. ಅರ್ಧ ಬಕೆಟ್ ನೀರಿನಲ್ಲಿ ನಾನು ಹೇಳಿದ ಭಾಗಗಳನ್ನು ಸಾಬೂನಿನಿಂದ ತೊಳೆಯಲು ಸಾಧ್ಯ, ಉಳಿದ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬಹುದು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಆನೆಕಾಲು ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ಬಚ್ಚಲ ಹಿಂದೆ ನಿಂತ ಇಂಥ ಕೊಳೆನೀರಿನಲ್ಲಿಯೇ. ಒಳಗೆ ಕಾಲು ತೊಳೆದು ಹೊರಗೆ ಸೊಳ್ಳೆ ಸಾಕಿದರೆ ಪ್ರಯೋಜನವಿಲ್ಲ. ಒಂದು ಇಂಗುಗುಂಡಿ ತೋಡಿ ಒಡೆದ ಕಲ್ಲು ತುಂಬಿ ಮೇಲೆ ಮುಚ್ಚಿದರೆ ಒಂದು ಮನೆಯ ಬಚ್ಚಲ ನೀರು ಅದರಲ್ಲಿ ಇಂಗುತ್ತದೆ. ಅದು ಕುಡಿಯುವ ನೀರಿನ ಬಾವಿ, ಬೋರಿನಿಂದ ದೂರವಿರಲಿ. ನಮ್ಮ ಎರೆಮಣ್ಣು ನೀರನ್ನು ನಿಧಾನ ಹೀರುವುದರಿಂದ ಗುಂಡಿ ಸ್ವಲ್ಪ ದೊಡ್ಡದಿರಲಿ.

ಹಿಂದಿನ ಕೋಣೆಯಲ್ಲಿ ಬಕೆಟ್, ಸಾಬೂನು, ಬಟ್ಟೆ ಇಡಲಾಗಿದೆ. ಬಾವು ಬಂದ ಕಾಲನ್ನು ತೊಳೆದು ಒರೆಸುವ ಕ್ರಮವನ್ನು ಆಶಾ ಕಾರ್ಯಕರ್ತೆಯರಿಗೆ ಈಗ ಅಲ್ಲಿ ಮಾಡಿ ತೋರಿಸಲಾಗುವುದು. ಮನೆಯಲ್ಲಿ ಅಂಥ ತೊಂದರೆ ಇರುವವರು ದಯವಿಟ್ಟು ಸಂಕೋಚಪಡದೆ ಜೊತೆಗೆ ಬರಬೇಕು; ಪ್ರಶ್ನೆಗಳಿದ್ದರೆ ಅಲ್ಲಿಯೇ ಕೇಳಬಹುದು.